ಹಳೇ ಡೆಸ್ಕ್‌ಟಾಪಿಗೆ ವೈಫೈ: ಕಾರ್ಡೋ, ಡಾಂಗಲ್ಲೋ?

ಪ್ರಶ್ನೆ: ನನ್ನ ಡೆಸ್ಕ್‌ಟಾಪ್ 2012ರದು. ರೂಟರ್ ಇರುವ ಕೋಣೆಯಿಂದ ಕೇಬಲ್ ಎಳೆಯುವ ಹಾಗಿಲ್ಲ. ಯುಎಸ್‌ಬಿ ಪೋರ್ಟಿಗೆ ಸಿಕ್ಕಿಸುವ ವೈಫೈ ಡಾಂಗಲ್ ಸಾಕೇ, ಒಳಗೆ ಕಾರ್ಡನ್ನೇ ಹಾಕಬೇಕೇ?

ಉತ್ತರ: ಮೊದಲು ಕೇಸಿನ ಪಕ್ಕದ ಮುಚ್ಚಳ ತೆಗೆದು ಮದರ್‌ಬೋರ್ಡ್ (ಎಲ್ಲ ಭಾಗಗಳೂ ಕೂರುವ ದೊಡ್ಡ ಹಲಗೆ) ನೋಡಿ. ಎರಡೂವರೆ ಸೆಂಟಿಮೀಟರ್ ಉದ್ದದ ಪುಟ್ಟ ಸ್ಲಾಟ್ ಖಾಲಿ ಇದ್ದರೆ ಅದು ಪಿಸಿಐ ಎಕ್ಸ್‌ಪ್ರೆಸ್ ಎಕ್ಸ್1. ಈಗಿನ ವೈಫೈ ಕಾರ್ಡುಗಳು ಕೂರುವುದು ಅದರಲ್ಲೇ. ಗ್ರಾಫಿಕ್ಸ್ ಕಾರ್ಡಿನ ಉದ್ದ ಸ್ಲಾಟ್ ಖಾಲಿಯಿದ್ದರೆ ಅದೂ ಆದೀತು. ಅದಕ್ಕೂ ಹಿಂದಿನ ಕಾಲದ ಪಿಸಿಐ ಸ್ಲಾಟಿಗೆ ಮಾತ್ರ ಹೊಂದುವುದಿಲ್ಲ.

ಇಂಟೆಲ್ ಚಿಪ್ಪಿನ ಕಾರ್ಡಾದರೆ ಎಎಕ್ಸ್200 ಅಥವಾ ಎಎಕ್ಸ್210 ನೋಡಿ. ಎಎಕ್ಸ್201, ಎಎಕ್ಸ್211 ಹೆಸರು ಹತ್ತಿರವಿದ್ದರೂ ಹೊಸ ಇಂಟೆಲ್ ಬೋರ್ಡುಗಳಿಗಷ್ಟೇ. ನಿಮ್ಮದರಲ್ಲಿ ಕೆಲಸ ಮಾಡವು. ವಿಂಡೋಸ್‌ನಲ್ಲಿ ಇವಕ್ಕೆ 64 ಬಿಟ್‌ನ 10 ಅಥವಾ 11 ಬೇಕು. ಪವರ್ ಕೇಬಲ್ ಕಿತ್ತು, ಆನ್ ಬಟನ್ ಕೆಲವು ಸೆಕೆಂಡ್ ಒತ್ತಿ ಹಿಡಿದು, ಕೇಸಿನ ಬರಿ ಲೋಹ ಮುಟ್ಟಿದ ಮೇಲೆಯೇ ಕಾರ್ಡ್ ಕೂರಿಸಿ. ಜೊತೆಗೆ ಬರುವ ಸಣ್ಣ ಕೇಬಲನ್ನು ಬೋರ್ಡಿನ 9 ಪಿನ್ನಿನ ಯುಎಸ್‌ಬಿ ಹೆಡರಿಗೆ (ಎದ್ದುನಿಂತ ಪಿನ್ನುಗಳ ಗುಂಪು) ಚುಚ್ಚಿ, ಬ್ಲೂಟೂತ್ ನಡೆಯುವುದು ಇದರಿಂದಲೇ. ವೈಫೈ ಬಂದು ಬ್ಲೂಟೂತ್ ಬಾರದಿದ್ದರೆ ಮೊದಲು ಅನುಮಾನಿಸಬೇಕಾದದ್ದು ಈ ಕೇಬಲನ್ನೇ.

ಆಂಟೆನಾ ಎಲ್ಲಿರುತ್ತದೆ ಎನ್ನುವುದು ಡಬ್ಬಿಯ ಮೇಲಿನ ವೇಗದ ಅಂಕಿಗಿಂತ ದೊಡ್ಡ ವಿಷಯ. ಮೇಜಿನಡಿ, ಗೋಡೆಗೆ ಒತ್ತಿಕೊಂಡ ತಗಡಿನ ಕೇಸಿನ ಬೆನ್ನಲ್ಲಿ ಎಂಥ ಕಾರ್ಡಿಗೂ ಸಿಗ್ನಲ್ ಸರಿಯಾಗಿ ಸಿಗದು. ಕೇಬಲ್ ಇರುವ, ಮೇಜಿನ ಮೇಲೆ ಇಡಬಹುದಾದ ಆಂಟೆನಾ ಆರಿಸಿ.

ಇಂಟರ್ನೆಟ್ ವೇಗ 100 ಎಂಬಿಪಿಎಸ್ ಒಳಗಿದ್ದರೆ ಡಾಂಗಲ್ ಧಾರಾಳ ಸಾಕು. ಯುಎಸ್‌ಬಿ 2.0ರ 480 ಎಂಬಿಪಿಎಸ್‌ನಲ್ಲಿ ಕೈಗೆ ಸಿಗುವುದು ಹೆಚ್ಚೆಂದರೆ 300ರ ಆಸುಪಾಸು. ನೀಲಿ ಬಣ್ಣದ 3.0 ಪೋರ್ಟಿಗೆ ಹಾಕಿದಾಗ ಸಂಪರ್ಕ ತಡವರಿಸುತ್ತದೆಯೇ? ಆ ಪೋರ್ಟಿನ ಗದ್ದಲ 2.4 ಗಿಗಾಹರ್ಟ್ಸ್ ಬ್ಯಾಂಡಿಗೆ ಬಡಿಯುತ್ತದೆ. ಎಕ್ಸ್‌ಟೆನ್ಷನ್ ಕೇಬಲ್ ಹಾಕಿ ಡಾಂಗಲ್ ದೂರವಿಡಿ, ಇಲ್ಲವೇ 5 ಗಿಗಾಹರ್ಟ್ಸ್‌ಗೆ ಹೋಗಿ. ಉಗುರಿನಷ್ಟಿರುವ ಡಾಂಗಲ್ ಬೇಡವೇ ಬೇಡ.

ಪ್ರಶ್ನೆ: 4 ಜಿಬಿ ರ‍್ಯಾಮ್, ಹಾರ್ಡ್ ಡಿಸ್ಕ್ ಇರುವ ಹಳೆಯ ಸಿಸ್ಟಂ ತುಂಬ ನಿಧಾನ. ಮೊದಲು ಯಾವುದು ಬದಲಿಸಲಿ?

ಉತ್ತರ: ಟಾಸ್ಕ್ ಮ್ಯಾನೇಜರ್ ತೆರೆಯಿರಿ. ಮೆಮೊರಿ ಅರ್ಧ ಖಾಲಿಯಿದ್ದೂ ಡಿಸ್ಕ್ 100 ಶೇಕಡಾದಲ್ಲೇ ನಿಂತಿದ್ದರೆ ಎಸ್‌ಎಸ್‌ಡಿ (ಹಾರ್ಡ್ ಡಿಸ್ಕಿನ ಬದಲು ಹಾಕುವ, ಅದಕ್ಕಿಂತ ಬಹಳ ವೇಗದ ಡ್ರೈವ್) ಮೊದಲು. ಹಾರ್ಡ್ ಡಿಸ್ಕಿನ ಕೇಬಲಿಗೇ ಹೊಂದುವ 2.5 ಇಂಚಿನ ಸಾಟಾ ಎಸ್‌ಎಸ್‌ಡಿಯನ್ನೇ ಕೊಳ್ಳಿ. ಅಡಾಪ್ಟರ್ ಮೂಲಕ ಎನ್‌ವಿಎಂಇ (ಹೊಸ ಬಗೆಯ ಎಸ್‌ಎಸ್‌ಡಿ) ಹಾಕಿದರೆ ಹಳೇ ಬಯೋಸ್ (ಆನ್ ಆದೊಡನೆ ಮೊದಲು ಓಡುವ ಬೋರ್ಡಿನ ಪ್ರೋಗ್ರಾಂ) ಸಾಮಾನ್ಯವಾಗಿ ಅದರಿಂದ ಬೂಟ್ ಆಗದು. ವಿಂಡೋಸ್ ಹಾಕುವ ಮುಂಚೆಯೇ ಬಯೋಸ್‌ನಲ್ಲಿ ಡಿಸ್ಕ್ ನಡೆಸುವ ವಿಧಾನವನ್ನು (ಸಾಟಾ ಮೋಡ್) ಹಳೆಯ ಐಡಿಇಯಿಂದ ಎಎಚ್‌ಸಿಐಗೆ ಬದಲಿಸಿ. ಆಮೇಲೆ ಬದಲಿಸಿದರೆ ನೀಲಿ ಪರದೆ ಬರಬಹುದು.

ಮೆಮೊರಿಯೇ ತುಂಬಿ ತುಳುಕುತ್ತಿದ್ದರೆ ರ‍್ಯಾಮ್. ಡಿಡಿಆರ್2, ಡಿಡಿಆರ್3 ಎಂಬ ಎರಡೂ ಪೀಳಿಗೆಯ ರ‍್ಯಾಮ್‌ಗೆ 240 ಪಿನ್ನು, ಆದರೆ ಕಚ್ಚಿನ ಜಾಗ ಬೇರೆ, ಕೂರದಿದ್ದರೆ ಒತ್ತಬೇಡಿ. ‘ಎಎಂಡಿಗೆ ಮಾತ್ರ’ ಎಂದು ಅಗ್ಗಕ್ಕೆ ಮಾರುವ ಡಿಡಿಆರ್3 ಇಂಟೆಲ್ ಬೋರ್ಡಿನಲ್ಲಿ ನಡೆಯುವುದಿಲ್ಲ. ವಿಂಡೋಸ್ 32 ಬಿಟ್‌ನದಾದರೆ 4 ಜಿಬಿ ಮೇಲೆ ಎಷ್ಟು ಹಾಕಿದರೂ ದಂಡ.

ಪ್ರಶ್ನೆ: ವೈಫೈ ಸೇರಿದೆ, ಆದರೆ ಪ್ರತಿ ಸೈಟೂ ‘ಸುರಕ್ಷಿತವಲ್ಲ’ ಎನ್ನುತ್ತದೆ.

ಉತ್ತರ: ಕಂಪ್ಯೂಟರಿನ ತಾರೀಖು ನೋಡಿ. ಹಲವು ವರ್ಷ ಹಿಂದಕ್ಕೆ ಹೋಗಿದ್ದರೆ ಸೈಟುಗಳ ಪ್ರಮಾಣಪತ್ರ ತಾಳೆಯಾಗದು. ಗಡಿಯಾರ ನಡೆಸುವ, ಬೋರ್ಡಿನ ಸಿಆರ್2032 ಸೆಲ್ ಬದಲಿಸಿ ಸಮಯ ಸರಿಪಡಿಸಿ. ಸೆಲ್ ತೆಗೆದಾಗ ಬಯೋಸ್ ಸೆಟ್ಟಿಂಗ್ ಅಳಿಸಿಹೋಗಬಹುದು, ಎಎಚ್‌ಸಿಐ ಮತ್ತೆ ನೋಡಿಕೊಳ್ಳಿ.