ತೂಕದ ಪುಸ್ತಕದಲ್ಲಿ ಕದ್ದದ್ದು ಕಾಣಿಕೆ ಡಬ್ಬಿಗೆ ಹಾಕಿದರೆ ತೀರುತ್ತದೆಯೇ?

ಪ್ರಶ್ನೆ: ಸೋಮವಾರಪೇಟೆ ಕಡೆಯ ಕಾಫಿ ತೋಟದಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದೆ. ಎರಡು ಕುಯ್ಲಿನಲ್ಲಿ 30 ಆಳುಗಳು ಕುಯ್ದ ಹಣ್ಣಿನ ತೂಕದಲ್ಲಿ ದಿನಕ್ಕೆ ತಲಾ 2 ಕಿಲೋ ಕಡಿಮೆ ಬರೆದು, ಅದನ್ನು ಇಲ್ಲದ ಹೆಸರಿಗೆ ಏರಿಸಿ ಕೂಲಿ ನಾನೇ ತೆಗೆದುಕೊಂಡೆ. ಪ್ರತಿ ವರ್ಷ ಪಾಪನಿವೇದನೆ ಮಾಡುತ್ತೇನೆ, ಇದನ್ನು ಮಾತ್ರ ನಮ್ಮ ಫಾದರ್ ಮುಂದೆ ಹೇಳಲಾಗಿಲ್ಲ. ಚರ್ಚ್ ಹಬ್ಬಕ್ಕೆ ಹತ್ತು ಸಾವಿರ ಕೊಟ್ಟರೂ ನೆಮ್ಮದಿಯಿಲ್ಲ. ಹಣ ಪೂರ್ತಿ ಹೊಂದಿಸಿಕೊಂಡು ಆಮೇಲೆ ಹೇಳಲೇ?

ಉತ್ತರ: ಹಣಕ್ಕಾಗಿ ಕಾಯಬೇಡಿ. ಕ್ಷಮೆಗೆ ಬೇಕಾದದ್ದು ಪಶ್ಚಾತ್ತಾಪ, ಮುಚ್ಚುಮರೆಯಿಲ್ಲದ ನಿವೇದನೆ, ಕದ್ದದ್ದನ್ನು ತಿರುಗಿ ಕೊಡುವ ಗಟ್ಟಿ ನಿರ್ಧಾರ. ಹಣ ಕಂತಿನಲ್ಲಿ ಹೋದರೂ ನಡೆಯುತ್ತದೆ.

ತೊಡಕಿರುವುದು ಬೇರೆ ಕಡೆ. ಮರೆತ ಪಾಪ ಉಳಿದವುಗಳ ಜೊತೆಗೇ ಕ್ಷಮೆಯಾಗುತ್ತದೆ, ನೆನಪಾದಾಗ ಮುಂದಿನ ಸಲ ಹೇಳಿದರಾಯಿತು. ಗೊತ್ತಿದ್ದೂ ಮುಚ್ಚಿಟ್ಟ ಗಂಭೀರ ಪಾಪ ಹಾಗಲ್ಲ, ಆ ನಿವೇದನೆಯೇ ಊರ್ಜಿತವಾಗುವುದಿಲ್ಲ. ಹಾಗಾಗಿ ಕಳ್ಳತನದ ಜೊತೆಗೆ, ಎಷ್ಟು ವರ್ಷ ಮುಚ್ಚಿಟ್ಟಿರಿ, ಆ ಸ್ಥಿತಿಯಲ್ಲೇ ಪೂಜೆಯಲ್ಲಿ ಕೊಡುವ ಪರಮಪ್ರಸಾದ (ಕಮ್ಯುನಿಯನ್) ಸ್ವೀಕರಿಸಿದಿರಾ ಎಂಬುದನ್ನೂ ಹೇಳಬೇಕು. ಆ ವರ್ಷಗಳಲ್ಲಿ ಹೇಳಿದ್ದ ಬೇರೆ ಗಂಭೀರ ಪಾಪಗಳನ್ನೂ ಮತ್ತೆ ಹೇಳಬೇಕು. ಚೀಟಿ ಬರೆದುಕೊಂಡು ಹೋಗಿ, ಬಂದ ಮೇಲೆ ಸುಟ್ಟುಬಿಡಿ. ‘ಕೆಲಸದಲ್ಲಿ ಸ್ವಲ್ಪ ಅನ್ಯಾಯ ಮಾಡಿದೆ’ ಎಂದರೆ ಸಾಲದು. ಏನು ಮಾಡಿದಿರಿ, ಯಾರಿಗೆ, ಸುಮಾರು ಎಷ್ಟು ಸಲ, ಇಷ್ಟು ಬಾಯಿಂದ ಬರಬೇಕು. ಸಂಬಳ ಸಾಲುತ್ತಿರಲಿಲ್ಲ, ಧಣಿಗಳು ಜಿಪುಣರು ಎಂಬ ಪೀಠಿಕೆ ಬೇಡ. ಅದು ಧಣಿಗಳ ಪಾಪನಿವೇದನೆಯಾದೀತು!

ನಿಮ್ಮ ಧರ್ಮಕೇಂದ್ರದ, ಅಂದರೆ ನಿಮ್ಮೂರ ಚರ್ಚಿನ, ಗುರುಗಳೇ ಆಗಬೇಕೆಂದಿಲ್ಲ. ವಿರಾಜಪೇಟೆಯ ಸಂತ ಅನ್ನಮ್ಮನವರ ಚರ್ಚಿಗೋ ಮಡಿಕೇರಿಯ ಸಂತ ಮೈಕೆಲರ ಚರ್ಚಿಗೋ ಹೋಗಬಹುದು. ಈಸ್ಟರ್‌ಗೆ ಮುಂಚಿನ ಪವಿತ್ರ ವಾರದ ಉದ್ದ ಸಾಲಿನಲ್ಲಿ ನಿಂತರೆ ಅವಸರಕ್ಕೆ ಮಾತು ಮತ್ತೆ ಗಂಟಲಲ್ಲೇ ಉಳಿಯುತ್ತದೆ, ಬೇರೆ ದಿನ ಸಮಯ ಕೇಳಿಕೊಂಡು ಹೋಗಿ. ಕೇಳಿದ್ದನ್ನು ಬಯಲು ಮಾಡಿದ ಗುರುವಿಗೆ ಧರ್ಮಸಭೆಯಿಂದಲೇ ಬಹಿಷ್ಕಾರ, ಆ ಭಯ ಬಿಡಿ.

ಹಬ್ಬಕ್ಕೆ ಕೊಟ್ಟ ಹತ್ತು ಸಾವಿರ ಈ ಲೆಕ್ಕಕ್ಕೆ ಬರುವುದಿಲ್ಲ. ಇದು ಹಣ್ಣು ಕುಯ್ದವರ ಕೂಲಿ, ಚರ್ಚಿನದಲ್ಲ. ಧಣಿಯದೂ ಅಲ್ಲ, ಅವರು ಕುಯ್ದಷ್ಟಕ್ಕೆ ಕೊಟ್ಟಿದ್ದಾರೆ. ಕುಯ್ಲಿಗೆ 40 ದಿನ, ಕಿಲೋಗೆ 4 ರೂಪಾಯಿ ಎಂದುಕೊಂಡರೆ ಒಂದು ಕುಯ್ಲಿಗೆ 9,600, ಎರಡಕ್ಕೆ 19,200. ಎರಡೂ ವರ್ಷ ಇದ್ದವರಿಗೆ ತಲಾ 640 ರೂಪಾಯಿ. ನಿಮ್ಮ ನಿಜವಾದ ದಿನ, ದರ ಹಾಕಿ ನೋಡಿ, ಅನುಮಾನವಿದ್ದರೆ ಹೆಚ್ಚಿಗೇ ಹಿಡಿಯಿರಿ. ಮೋಶೆಯ ಧರ್ಮಶಾಸ್ತ್ರ ಐದರಲ್ಲೊಂದು ಪಾಲು ಸೇರಿಸಿ ಕೊಡು ಎಂದಿತ್ತು, ಯೇಸುವನ್ನು ಕಂಡು ಮನಸ್ಸು ಬದಲಿಸಿದ ಸುಂಕದವನು ಜಕ್ಕಾಯ ನಾಲ್ಕರಷ್ಟು ಕೊಡುತ್ತೇನೆಂದ. ಅದು ನಿಮ್ಮ ಮನಸ್ಸಿಗೆ ಬಿಟ್ಟದ್ದು, ಅಸಲು ಮಾತ್ರ ಕೊಡಲೇಬೇಕು.

ತೋಟದ ಲೈನ್ ಮನೆಗಳಲ್ಲಿ ಈಗಲೂ ಇರುವ ಆಳುಗಳಿಗೆ ನೇರವಾಗಿ ಕೊಡಿ. ‘ಹಳೇ ಕುಯ್ಲಿನ ಬಾಕಿ’ ಎಂದರೆ ಸುಳ್ಳೇನಲ್ಲ. ಹೆಸರು ಬಯಲಾಗುವುದು ಬೇಡವೆಂದರೆ ಹಣ ತಲುಪಿಸಲು ಗುರುಗಳ ಸಹಾಯ ಕೇಳಬಹುದು. ಊರಿಗೆ ಹಿಂತಿರುಗಿದವರ ಫೋನ್ ನಂಬರ್ ಆಳುಗಳನ್ನು ಕರೆತರುವ ಮೇಸ್ತ್ರಿಯಿಂದ ಪಡೆಯಿರಿ, ಹಣವನ್ನು ಮಾತ್ರ ಮೇಸ್ತ್ರಿ ಕೈಗೆ ಕೊಡಬೇಡಿ. ತೀರಿಕೊಂಡವರ ಪಾಲು ಅವರ ಮನೆಯವರಿಗೆ, ಎಷ್ಟು ಹುಡುಕಿದರೂ ಸಿಗದವರದ್ದು ಬಡವರಿಗೆ.