ಅಪ್ಪನ ಕೈ ನಡುಗ್ತಿದೆ, ಸೀದಾ ನಿಮ್ಹಾನ್ಸ್‌ಗೆ ಕರ್ಕೊಂಡ್ ಹೋಗ್ಬೇಕಾ ಇಲ್ಲಾ ಕೋಲಾರದಲ್ಲೇ ತೋರಿಸ್ಬಹುದಾ?

ಮುಳಬಾಗಿಲು ನಮ್ಮೂರು, ಅಪ್ಪಂಗೆ ಅರವತ್ತು ದಾಟಿದೆ, ಬಲಗೈ ನಡುಗತ್ತೆ, ನಡಿಗೆ ನಿಧಾನ ಆಗಿದೆ, ಡಾಕ್ಟ್ರು ನರ ವೀಕ್ ಅಂತ ಬಿ-12 ಇಂಜೆಕ್ಷನ್ ಹಾಕ್ತಿದಾರೆ ಅಂತ ಬರ್ದಿದೀರ. ನಾನಾಗಿದ್ರೆ ಮೊದ್ಲು ಕೋಲಾರದಲ್ಲೇ ತೋರಿಸ್ತೀನಿ. ಎಸ್‌ಎನ್‌ಆರ್ ಜಿಲ್ಲಾಸ್ಪತ್ರೇಲಿ ಬ್ರೈನ್ ಹೆಲ್ತ್ ಕ್ಲಿನಿಕ್ ಇದೆ, ನಿಮ್ಹಾನ್ಸೂ ರಾಜ್ಯ ಸರ್ಕಾರಾನೂ ಸೇರಿ 2022ರಲ್ಲಿ ಶುರು ಮಾಡಿದ್ದು, ಮೊದಲನೇ ಸುತ್ತಲ್ಲೇ ಕೋಲಾರ, ಚಿಕ್ಕಬಳ್ಳಾಪುರ ಎರಡೂ ಇದ್ವು. ಅಲ್ಲಿ ನೋಡಿ ಬೇಕು ಅಂದ್ರೆ ಅವರೇ ನಿಮ್ಹಾನ್ಸ್‌ಗೆ ಬರ್ಕೊಡ್ತಾರೆ.

ಹೋಗೋ ಮುಂಚೆ ಎಂಆರ್‌ಐ ಮಾಡಿಸ್ಕೊಂಡು ಹೋಗ್ಬೇಡಿ ದಯವಿಟ್ಟು. ಹೀಗೆ ಕೈ ನಡುಗಿ ನಡಿಗೆ ನಿಧಾನ ಆದ್ರೆ ಡಾಕ್ಟ್ರು ಮೊದ್ಲು ನೋಡೋದು ಪಾರ್ಕಿನ್ಸನ್ಸ್ ಅನ್ನೋ ಮಿದುಳಿನ ಕಾಯಿಲೆ ಇದೆಯಾ ಅಂತ, ಅದಿದ್ರೂ ಎಷ್ಟೋ ಸಲ ಎಂಆರ್‌ಐ ನಾರ್ಮಲ್ಲೇ ಬರತ್ತೆ, ಡಾಕ್ಟ್ರು ಕೈಯಾರೆ ನೋಡಿ ಹೇಳೋ ಕಾಯಿಲೆ ಅದು. ನಮ್ ಮಾವಂಗೆ ಹೀಗೇ ಆಗಿತ್ತು, ಶ್ರೀನಿವಾಸಪುರದ ಮಾವಿನ ಮಂಡೀಲಿ ಲೆಕ್ಕ ಬರೀತಿದ್ದೋರು, ಅಕ್ಷರ ಬರ್ತಾ ಬರ್ತಾ ಇರುವೆ ಸಾಲಿನ ಥರ ಸಣ್ಣಗಾಗೋಯ್ತು. ನ್ಯೂರಾಲಜಿಸ್ಟು ಹೆಬ್ಬೆಟ್ಟು ತೋರುಬೆರಳು ಟಕಟಕ ತಟ್ಟಿಸಿದ್ರು, ಸುರುಳಿ ಬರೆಸಿದ್ರು, ಕಾರಿಡಾರಲ್ಲಿ ನಡೆಸಿ ಯಾವ ಕೈ ಬೀಸಲ್ಲ ಅಂತ ನೋಡಿದ್ರು, ಹಿಂದೆ ನಿಂತ್ಕೊಂಡು ಭುಜ ಹಿಡ್ದು ಎಳೆದ್ರು. ಆಮೇಲೆ ಕೇಳಿದ್ದು ಏನ್ ಗೊತ್ತಾ, ಮನೇಲಿರೋ ಮಾತ್ರೆ ಎಲ್ಲಾ ತಗೊಂಡ್ ಬನ್ನಿ ಅಂತ.

ತಲೆಸುತ್ತು ಅಂತ ಯಾವ ಕಾಲದಲ್ಲೋ ಬರ್ಕೊಟ್ಟಿದ್ದ ಸಿನ್ನಾರಿಜಿನ್ ಮಾತ್ರೇನ ಮೆಡಿಕಲ್ ಶಾಪಲ್ಲಿ ತಗೊಂಡು ತಗೊಂಡು ದಿನಾ ನುಂಗ್ತಾನೇ ಇದ್ರು, ಅದರಿಂದಾನೂ ಥೇಟ್ ಪಾರ್ಕಿನ್ಸನ್ಸ್ ಥರಾನೇ ಬರತ್ತಂತೆ, ಮೈಗ್ರೇನ್‌ಗೆ ಕೊಡೋ ಫ್ಲುನಾರಿಜಿನ್, ವಾಂತಿಗೆ ಕೊಡೋ ಮೆಟೊಕ್ಲೋಪ್ರಮೈಡ್ ಇವೂ ಅದೇ ಜಾತಿ. ಆ ಮಾತ್ರೆ ನಿಲ್ಲಿಸಿದ್ರು, ನಾಲ್ಕು ದಿನಕ್ಕೆಲ್ಲ ಹೋಗ್ಲಿಲ್ಲ, ತಿಂಗಳುಗಟ್ಲೆ ಹಿಡೀತು, ಆದ್ರೆ ನಡುಕ ಇಳೀತು. ಎಲ್ರಿಗೂ ಹಿಂಗೇ ಆಗತ್ತೆ ಅಂತಲ್ಲ, ಕೆಲವ್ರಿಗೆ ಒಳಗೆ ನಿಜವಾದ ಪಾರ್ಕಿನ್ಸನ್ಸೇ ಇರತ್ತೆ. ಅದಕ್ಕೆ ಸಕ್ಕರೆ, ಬಿಪಿ ಮಾತ್ರೆ ಸಮೇತ ಒಂದು ಕವರಲ್ಲಿ ಹಾಕ್ಕೊಂಡು ಹೋಗಿ, ನೀವೇ ಯಾವುದನ್ನೂ ನಿಲ್ಲಿಸ್ಬೇಡಿ.

ಇನ್ನೊಂದು, ಅಪ್ಪ ಸುಮ್ನೆ ಟಿವಿ ನೋಡ್ತಾ ಕೂತಾಗ ಕೈ ನಡುಗತ್ತಾ, ಇಲ್ಲಾ ಕಾಫಿ ಲೋಟ ಎತ್ತಿದಾಗಾ? ಎರಡೂ ಬೇರೆ ಬೇರೆ, ಲೋಟ ಎತ್ತಿದಾಗ ಮಾತ್ರ ಆದ್ರೆ ಪಾರ್ಕಿನ್ಸನ್ಸ್ ಅಲ್ದೇ ಇರೋ ಚಾನ್ಸೇ ಜಾಸ್ತಿ, ಥೈರಾಯ್ಡೂ ನೋಡ್ತಾರೆ. ಮೊಬೈಲಲ್ಲಿ ಎರಡೂ ವಿಡಿಯೋ ಮಾಡ್ಕೊಳ್ಳಿ, ಡಾಕ್ಟ್ರ ಮುಂದೆ ಕೂತಾಗ ಕೈ ಮನೇಲಿ ನಡುಗೋ ಥರಾನೇ ನಡುಗಲ್ಲ. ಪಾರ್ಕಿನ್ಸನ್ಸ್‌ಗೆ ಕೊಡೋ ಲೆವೊಡೋಪಾ ಮಾತ್ರೆ ಬರ್ಕೊಟ್ರೆ ಟೈಮ್ ತಪ್ಪಿಸ್ಬೇಡಿ, ಊಟಕ್ಕೆ ಅರ್ಧ ಗಂಟೆ ಮುಂಚೆ ಒಳ್ಳೇದು, ದಿಢೀರಂತ ಬಿಡೋದಂತೂ ಬೇಡವೇ ಬೇಡ.

ಇಷ್ಟು ನಿಧಾನ ನಡುಕಕ್ಕೆ ಮಾತ್ರ. ಬಾಯಿ ಸೊಟ್ಟ ಆಗಿ, ಒಂದು ಕಡೆ ಕೈಕಾಲು ಬಿದ್ದೋದ್ರೆ ಅದು ಸ್ಟ್ರೋಕು, ಆಗ ಓಪಿಡಿ ಚೀಟಿ ಅಂತ ಕೂರ್ಬೇಡಿ, 108ಕ್ಕೆ ಫೋನ್ ಮಾಡಿ ಸಿಟಿ ಸ್ಕ್ಯಾನ್ ಇರೋ ಹತ್ತಿರದ ದೊಡ್ಡಾಸ್ಪತ್ರೆಗೆ ಹೋಗಿ, ರಕ್ತದ ಗಡ್ಡೆ ಕರಗಿಸೋ ಇಂಜೆಕ್ಷನ್ನನ್ನ ಸ್ಟ್ರೋಕ್ ಶುರುವಾದ ನಾಲ್ಕೂವರೆ ಗಂಟೆ ಒಳಗೆ ಕೊಡ್ಬೇಕು, ಅದಕ್ಕೆ ಆದಷ್ಟು ಬೇಗ ಸೇರ್ಬೇಕು.

ಬಿಪಿಎಲ್ ಕಾರ್ಡ್ ಇದ್ರೆ ಮೊದಲ ದಿನಾನೇ ಇಟ್ಕೊಂಡ್ ಹೋಗಿ. ಮುಂದೆ ಬೆಂಗಳೂರಲ್ಲಿ ಅಡ್ಮಿಟ್ ಆಗ್ಬೇಕಾಗಿ ಬಂದ್ರೆ ಆಯುಷ್ಮಾನ್‌ಗೆ ಸರ್ಕಾರಿ ಆಸ್ಪತ್ರೆ ರೆಫರಲ್ ಕೇಳ್ತಾರೆ, ಅದು ಎಸ್‌ಎನ್‌ಆರ್‌ನಲ್ಲೇ ಸಿಗತ್ತೆ.