ಕ್ರೈಸ್ತರು ದಿನನಿತ್ಯದ ಬದುಕಿನಲ್ಲಿ ದೀನತೆ ಬೆಳೆಸಿಕೊಳ್ಳುವುದು ಹೇಗೆ?

ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದ ಕೆಲಸವನ್ನು ದಿನಕ್ಕೊಂದಾದರೂ ಮಾಡಿ. ದೀನತೆ ಎಂದರೆ ತನ್ನನ್ನು ಹಳಿದುಕೊಳ್ಳುವುದಲ್ಲ, ತನ್ನ ಮೇಲಿನ ಗಮನ ಎದುರಿನವರ ಕಡೆ ತಿರುಗುವುದು. ಪ್ರಾರ್ಥನೆಯ ಜೊತೆ ಕೈಗೂ ಕೆಲಸ ಬೇಕು, ಕೈ ಹೋದಲ್ಲಿಗೆ ಗಮನವೂ ಹೋಗುತ್ತದೆ.

ಬೈಬಲಿನ ಯೋಹಾನನ ಸುವಾರ್ತೆಯ 13ನೇ ಅಧ್ಯಾಯದಲ್ಲಿ ಯೇಸು ಊಟದ ನಡುವೆ ಎದ್ದು, ಸೊಂಟಕ್ಕೆ ಬಟ್ಟೆ ಸುತ್ತಿಕೊಂಡು ಶಿಷ್ಯರ ಕಾಲು ತೊಳೆದರು. ಆ ಕಾಲಕ್ಕೆ ಅದು ಆಳಿನ ಕೆಲಸ. ಶಿಷ್ಯ ಪೇತ್ರ ಕಾಲು ತೊಳೆಸಿಕೊಳ್ಳಲು ಮೊದಲು ಒಪ್ಪಲೇ ಇಲ್ಲ. (ಸೇವೆ ಮಾಡುವುದಕ್ಕಿಂತ ಮಾಡಿಸಿಕೊಳ್ಳುವುದೇ ನನಗೂ ಕಷ್ಟ.)

ಮುಂಬೈಯಲ್ಲಿ ನಮ್ಮ ಕನ್ನಡ ಆರಾಧನೆ ಮುಗಿದ ಮೇಲೆ ಚಹಾದ ಲೋಟ ತೊಳೆಯುವವರು ಬ್ಯಾಂಕಿನಿಂದ ನಿವೃತ್ತರಾದ ಹಿರಿಯರೊಬ್ಬರು. "ಬಿಡಿ ಅಂಕಲ್, ನಾನು ತೊಳೀತೀನಿ" ಅಂದರೆ, "ನೀನು ಒರೆಸು" ಅಂತ ಬಟ್ಟೆ ಕೊಡುತ್ತಾರೆ.